ಎಲ್ಲಕ್ಕೂ ಹೂಂ, ಆಮೇಲೆ ಸ್ವಿಚ್ ಆಫ್

ಪ್ರಶ್ನೆ: ನನಗೆ 27 ವರ್ಷ, ಮೈಸೂರಿನಲ್ಲಿ ಕೆಲಸ. ಬೆಂಗಳೂರಿನಲ್ಲಿರುವ ಹುಡುಗಿಯನ್ನು ಮೂರು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಮೆಸೇಜಿಗೆ ತಕ್ಷಣ ಉತ್ತರ ಹೋಗದಿದ್ದರೆ ಸಾಲು ಸಾಲು ಮಿಸ್ಡ್ ಕಾಲ್. ಲೈವ್ ಲೊಕೇಶನ್ ಸದಾ ಆನ್ ಇರಬೇಕು. ವಾರವಾರ ನಾನೇ ಬೆಂಗಳೂರಿಗೆ ಹೋಗಬೇಕು. ಈಗ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೊಡು ಅಂತಿದ್ದಾಳೆ. ಜಗಳ ಯಾಕೆ ಅಂತ ಎಲ್ಲಕ್ಕೂ ಹೂಂ ಅಂದು, ಆಮೇಲೆ ಫೋನ್ ಸ್ವಿಚ್ ಆಫ್ ಮಾಡಿ ಮಲಗುತ್ತೇನೆ. ಬಿಡಲು ಮನಸ್ಸಿಲ್ಲ. ಆದರೆ ಸಾಕಾಗಿದೆ.

ಉತ್ತರ: ಆಕೆಯ ಬೇಡಿಕೆಗಳಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಸ್ವಿಚ್ ಆಫ್. ಹೂಂ ಅಂದವನ ಫೋನ್ ಹತ್ತು ನಿಮಿಷಕ್ಕೆ ಆಫ್ ಆದರೆ ದೂರದಲ್ಲಿರುವವರಿಗೆ ಏನನ್ನಿಸಬೇಕು? ಮರುದಿನ ಕರೆಗಳು ಇಮ್ಮಡಿಯಾಗುತ್ತವೆ, ನೀವು ಇನ್ನಷ್ಟು ತಪ್ಪಿಸಿಕೊಳ್ಳುತ್ತೀರಿ. ಒಬ್ಬರು ಬೆನ್ನು ಹತ್ತುವ, ಇನ್ನೊಬ್ಬರು ಜಾರಿಕೊಳ್ಳುವ ಈ ಸುತ್ತನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರೂ ಕ್ರಿಸ್ಟೆನ್ಸನ್ ದಂಪತಿಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಶುರು ಮಾಡಿದ್ದು ಯಾರು ಅಂತ ಕೇಳಿದರೆ ಇಬ್ಬರ ಬೆರಳೂ ಎದುರಿನವರತ್ತಲೇ.

ಹಾಗಂತ ಆಕೆ ಕೇಳಿದ್ದೆಲ್ಲ ನ್ಯಾಯವೇನೂ ಅಲ್ಲ. ದಿನಕ್ಕೊಮ್ಮೆ ನೆಮ್ಮದಿಯಾಗಿ ಮಾತಾಡು ಅಂದರೆ ಆಡಿ. ಪಾಸ್‌ವರ್ಡ್ ಮಾತ್ರ ಕೊಡಬೇಡಿ. ಅದು ಕೈಗೆ ಸಿಕ್ಕ ಮೇಲೆ ಹಳೆಯ ಚಾಟುಗಳ ವಿಚಾರಣೆ ಶುರುವಾಗುತ್ತದೆಯೇ ಹೊರತು ಅನುಮಾನ ತೀರುವುದಿಲ್ಲ. (ಹುಡುಗ ಕೇಳಿ ಹುಡುಗಿ ಪತ್ರ ಬರೆದಿದ್ದರೂ ಇದನ್ನೇ ಹೇಳುತ್ತಿದ್ದೆ.)

ಇದನ್ನು ವಾಟ್ಸ್ಯಾಪಿನಲ್ಲಿ ಬರೆಯಲು ಹೋಗಬೇಡಿ. ಮುಂದಿನ ಸಲ ಹೋದಾಗ ಊಟವಾದ ಮೇಲೆ ಎದುರು ಕೂತು ಹೇಳಿ: "ಡ್ಯೂಟಿಯಲ್ಲಿ ಫೋನ್ ತೆಗೆಯೋಕಾಗಲ್ಲ. ರಾತ್ರಿ ಒಂಬತ್ತಕ್ಕೆ ನಾನೇ ಮಾಡ್ತೀನಿ. ಲೊಕೇಶನ್ ಇನ್ಮೇಲೆ ಇರಲ್ಲ. ಒಂದು ವಾರ ನಾನು ಬರ್ತೀನಿ, ಇನ್ನೊಂದು ವಾರ ನೀನು ಬಾ." ಹೇಳಿದ ಮೇಲೆ ಒಂಬತ್ತಕ್ಕೆ ಮಾಡಲೇಬೇಕು. ತಪ್ಪಿದರೆ ಆಕೆಯ ಅನುಮಾನಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ. ಮೊದಮೊದಲು ರಂಪವಾದೀತು. ಆಗ ಮತ್ತೆ ಹೂಂ ಅಂದುಬಿಟ್ಟರೆ ಎಲ್ಲ ಹಳೇ ಕಥೆ.

ಒಂದೆರಡು ತಿಂಗಳು ನೋಡಿ. ಒಂಬತ್ತು ಬೇಡ, ಎಂಟೂವರೆಗೆ ಮಾಡು ಅಂತ ಆಕೆ ಚೌಕಾಸಿಗಿಳಿದರೆ ಒಳ್ಳೆಯ ಲಕ್ಷಣ. ಒಂದಕ್ಕೂ ಒಪ್ಪದೆ ಪಾಸ್‌ವರ್ಡಿಗೇ ಪಟ್ಟು ಹಿಡಿದರೆ, ಬಿಡುವ ಮಾತನ್ನು ಯೋಚಿಸುವುದರಲ್ಲಿ ತಪ್ಪಿಲ್ಲ. ಬಿಟ್ಟರೆ ಸಾಯುತ್ತೇನೆ ಅಂದರೆ ನಾಟಕ ಅಂತ ತಳ್ಳಿಹಾಕಬೇಡಿ, ಹೆದರಿ ಮಣಿಯಲೂ ಬೇಡಿ. ಆಕೆಯ ಮನೆಯವರಿಗೋ ಹತ್ತಿರದ ಗೆಳತಿಗೋ ಕೂಡಲೇ ತಿಳಿಸಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತಾರೆ, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಕಾಗಿದೆ ಅಂತ ಬರೆದಿದ್ದೀರಲ್ಲ, ನೀವೂ ಆ ನಂಬರಿಗೆ ಒಮ್ಮೆ ಮಾಡಿ.