ಹಲ್ಲಿನ ವೈದ್ಯರಲ್ಲಿಗೆ ನಾವೇಕೆ ತಡವಾಗಿ ಹೋಗುತ್ತೇವೆ?

ಅಡಿಕೆಗೆ ಕೊಳೆರೋಗ ತಗಲೀತೆಂದು ಮಳೆ ಬಲವಾಗಿ ಹಿಡಿಯುವ ಮೊದಲೇ ನಾವು ತೋಟಕ್ಕೆ ಬೋರ್ಡೊ ದ್ರಾವಣ ಬಿಡುತ್ತೇವೆ. ಕಾಯಿ ಉದುರತೊಡಗಿದ ಮೇಲೆ ಮದ್ದು ಬಿಟ್ಟರೆ ಉದುರಿದ್ದು ಮರಳದೆಂದು ಬಲ್ಲೆವು. ಆದರೆ ನಮ್ಮದೇ ಬಾಯಿಯ ವಿಷಯದಲ್ಲಿ ಈ ವಿವೇಕ ಮರೆತುಹೋಗುತ್ತದೆ. ಹಲ್ಲು ಹುಳುಕಾಗಿ, ನಿದ್ರೆ ಕೆಟ್ಟು, ಕೆನ್ನೆ ಬಾತ ಮೇಲೆಯೇ ವೈದ್ಯರ ನೆನಪಾಗುತ್ತದೆ. ಹಣದ ಅಡಚಣೆ ಇದಕ್ಕೊಂದು ಕಾರಣ, ನಿಜ. ಆದರೆ ಹಣವಿದ್ದವರೂ ತಡಮಾಡುತ್ತಾರಲ್ಲ! ಉಳಿದ ಕಾರಣಗಳು ಮನಸ್ಸಿನಲ್ಲಿಯೂ ಸಮಾಜದಲ್ಲಿಯೂ ಇವೆ. ನಮ್ಮ ದೇಶದ ದಂತವೈದ್ಯಕೀಯ ಪಠ್ಯದಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳನ್ನು ಸೇರಿಸಿರುವುದು ಇದಕ್ಕಾಗಿಯೇ.

ಸಮಾಜದ ಪ್ರಭಾವ

ಇರ್ವಿಂಗ್ ಜೋಲಾ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ನಗರದ ರೋಗಿಗಳನ್ನು ಅಭ್ಯಸಿಸಿ 1973ರಲ್ಲಿ ಒಂದು ಲೇಖನ ಬರೆದರು. ರೋಗ ಅತಿಯಾದಾಗ ಮಾತ್ರ ಮನುಷ್ಯ ವೈದ್ಯರಲ್ಲಿಗೆ ಹೋಗುತ್ತಾನೆಂಬುದು ಸರಿಯಲ್ಲ. ರೋಗದೊಡನೆ ಮಾಡಿಕೊಂಡಿದ್ದ ಹೊಂದಾಣಿಕೆ ಮುರಿದಾಗ ಹೋಗುತ್ತಾನೆ ಎಂದು ಅವರು ತೋರಿಸಿದರು. ಕೆಲಸಕ್ಕೆ ಅಡ್ಡಿಯಾದಾಗ, ನಾಲ್ಕು ಜನರೊಡನೆ ಬೆರೆಯಲು ತೊಡಕಾದಾಗ, ಮನೆಯವರು ಒತ್ತಾಯಿಸಿದಾಗ ಹೊರಡುತ್ತಾನೆ. ನಮ್ಮಲ್ಲಿಯೂ ಹಾಗೆಯೇ. ಒಂದು ಬದಿಯ ಹಲ್ಲು ನೋಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಅಗಿಯುತ್ತೇವೆ, ಲವಂಗ ಕಚ್ಚಿಕೊಳ್ಳುತ್ತೇವೆ. ಮಗಳ ಮದುವೆ ಹತ್ತಿರ ಬಂದಾಗ ಮಾತ್ರ ಮುಂದಿನ ಹಲ್ಲಿನ ಚಿಂತೆ ಹತ್ತುತ್ತದೆ.

ಇದರೊಂದಿಗೆ ತಲೆತಲಾಂತರದ ನಂಬಿಕೆಗಳೂ ಇವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆಂಬುದು ಅವುಗಳಲ್ಲೊಂದು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಅಂಥ ಸಂಬಂಧವಿಲ್ಲ. ಆದರೆ ಹೀಗೆ ನಂಬಿದ ಅಜ್ಜಿಯನ್ನು ನೋಡಿ ನಕ್ಕರೆ ಅವರು ಮತ್ತೆ ಆ ಬಾಗಿಲಿಗೆ ಬಾರರು. ನಿಧಾನವಾಗಿ ವಿವರಿಸುವ ವೈದ್ಯರೇ ಗೆಲ್ಲುತ್ತಾರೆ.

ಭಯವೆಂಬ ರೋಗ

ದಂತಚಿಕಿತ್ಸೆಯ ಭಯವನ್ನು ಅಳೆಯಲು ನಾರ್ಮನ್ ಕೋರಾ ಎಂಬವರು 1969ರಲ್ಲಿ ನಾಲ್ಕೇ ಪ್ರಶ್ನೆಗಳ ಒಂದು ಅಳತೆಗೋಲು ಮಾಡಿದರು. ನಾಳೆ ಹೋಗಬೇಕೆಂದರೆ ಹೇಗನಿಸುತ್ತದೆ? ಹೊರಗೆ ಕಾಯುವಾಗ? ಕುರ್ಚಿಯಲ್ಲಿ ಕುಳಿತು, ವೈದ್ಯರು ಹಲ್ಲು ಕೊರೆಯುವ ಯಂತ್ರ ಸಿದ್ಧಮಾಡುವಾಗ? ಹಲ್ಲು ಶುಚಿಮಾಡಲು ಉಪಕರಣ ತೆಗೆಯುವಾಗ? ಗಮನಿಸಿರಿ, ಈ ನಾಲ್ಕೂ ಚಿಕಿತ್ಸೆ ಆರಂಭವಾಗುವ ಮೊದಲಿನ ಕ್ಷಣಗಳು. ನೋವಿಗಿಂತ ನೋವಿನ ನಿರೀಕ್ಷೆಯೇ ನಮ್ಮನ್ನು ಹಿಂದಕ್ಕೆಳೆಯುತ್ತದೆ.

ಮಕ್ಕಳ ಚಿಕಿತ್ಸೆಗಾಗಿ ಹ್ಯಾರಿ ಆಡಲ್‌ಸ್ಟನ್ 1959ರಲ್ಲಿ ವಿವರಿಸಿದ ಒಂದು ಕ್ರಮ ಇಂದಿಗೂ ಬಳಕೆಯಲ್ಲಿದೆ: ಮೊದಲು ಹೇಳು, ಬಳಿಕ ತೋರಿಸು, ಆಮೇಲೆ ಮಾಡು. ಯಂತ್ರದ ಸದ್ದನ್ನು ಮೊದಲೇ ಕೇಳಿಸಿ, ಬೆರಳಿನ ಉಗುರಿಗೆ ಮುಟ್ಟಿಸಿ ತೋರಿಸಿದರೆ ಮಗುವಿನ ಅಂಜಿಕೆ ಇಳಿಯುತ್ತದೆ. ದೊಡ್ಡವರಿಗೂ “ನೋವಾದರೆ ಕೈ ಎತ್ತಿ, ನಿಲ್ಲಿಸುತ್ತೇನೆ” ಎಂದರೆ ಧೈರ್ಯ ಬರುತ್ತದೆ. ಆದರೆ ಮನೆಯಲ್ಲಿ ನಾವು “ಹಠ ಮಾಡಿದರೆ ಡಾಕ್ಟರರಿಂದ ಸೂಜಿ ಚುಚ್ಚಿಸುತ್ತೇನೆ” ಎಂದು ಮಗುವನ್ನು ಗದರಿಸುತ್ತಿದ್ದರೆ ವೈದ್ಯರ ಶ್ರಮವೆಲ್ಲ ನೀರಿನಲ್ಲಿ ಹೋಮ.

ಎಲೆಯಡಿಕೆಯ ಹರಿವಾಣ

ಕಾಸರಗೋಡಿನ ಕಡೆಯ ನಮಗೆ ಅಡಿಕೆ ಅನ್ನ ಕೊಡುವ ಬೆಳೆ. ಬಂದವರ ಮುಂದೆ ಹರಿವಾಣ ಇಡುವುದು ಮರ್ಯಾದೆ. ಹಾಗೆಂದು ಸತ್ಯವನ್ನು ಮುಚ್ಚಿಡಲಾಗದು. ಹೊಗೆಸೊಪ್ಪು ಸೇರಿಸಿ ಜಗಿಯುವ ಎಲೆಯಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೇಳಿತು. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಹಾಗೆಯೇ ಎಂದು 2004ರಲ್ಲಿ ಪ್ರಕಟವಾದ ಅದರ ವರದಿ ಸಾರಿತು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವುಂಟು. ಅದು ಮುಂದೆ ಕ್ಯಾನ್ಸರಿಗೆ ತಿರುಗಲೂಬಹುದು.

“ಜಗಿಯುವುದನ್ನು ಬಿಡಿ” ಎಂಬ ಒಂದೇ ಮಾತಿನಿಂದ ಅಭ್ಯಾಸ ಬಿಟ್ಟುಹೋಗದು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಚಟ ಹಿಡಿಸುತ್ತದೆ. ಅದರ ಮೇಲೆ ಜೊತೆಗಾರರ ಒತ್ತಾಯವೂ ಇದೆ. ಊಟವಾದ ಮೇಲೋ, ಕೆಲಸದ ನಡುವೆಯೋ, ಯಾರ ಜೊತೆಯಲ್ಲೋ ಎಂದು ವಿಚಾರಿಸಿ, ಆ ಹೊತ್ತಿಗೆ ಬೇರೇನಾದರೂ ಸೂಚಿಸಿದರೆ ಬಿಡುವ ದಾರಿ ಸುಲಭವಾದೀತು. ಮನೆಮಂದಿಯೆಲ್ಲ ಜಗಿಯುತ್ತ ಒಬ್ಬನಿಗೆ ಮಾತ್ರ ಬಿಡು ಎಂದರೆ ಅವನಿಂದಾಗದು.

ನಾವು ಮಾಡಬೇಕಾದದ್ದು

1. ನೋವಿಲ್ಲದಿರುವಾಗಲೇ ವರ್ಷಕ್ಕೊಮ್ಮೆ ಹಲ್ಲು ತೋರಿಸೋಣ. ಹುಳುಕು ಮೇಲ್ಪದರದಲ್ಲಿರುವಷ್ಟು ಕಾಲ ನೋಯುವುದಿಲ್ಲ. ಒಳಗಿನ ನರ ಮುಟ್ಟಿದ ಮೇಲೆ ಖರ್ಚೂ ನೋವೂ ಹೆಚ್ಚು.

2. ಮಗುವಿನ ಮೊದಲ ಭೇಟಿ ಹಲ್ಲು ಕೀಳಿಸುವುದಕ್ಕಾಗಿ ಆಗದಿರಲಿ; ಬರಿದೇ ನೋಡಿಸುವುದಕ್ಕಾಗಿ ಇರಲಿ.

3. ಭಯವಿದ್ದರೆ ವೈದ್ಯರಿಗೆ ನಾಚದೆ ಹೇಳೋಣ. ಅದೂ ರೋಗಲಕ್ಷಣದಂತೆಯೇ ತಿಳಿಸಬೇಕಾದ ಸಂಗತಿ.

4. ಜಗಿಯುವವರು ತಿಂಗಳಿಗೊಮ್ಮೆ ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳಲಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದಾಗ ವಿಪರೀತ ಉರಿ, ತಮ್ಮ ಮೂರು ಬೆರಳು ಒಂದರ ಮೇಲೊಂದು ಹಿಡಿಸದಷ್ಟು ಬಿಗಿದ ಬಾಯಿ ಕಂಡರೆ ತಡಮಾಡಬಾರದು.

5. ಕುಟುಂಬಶ್ರೀ ಕೂಟಗಳಲ್ಲಿ, ನೆರೆಹೊರೆಯಲ್ಲಿ ಈ ಮಾತು ಬರಲಿ. ಒಂಟಿಯಾಗಿ ಹೋಗಲು ಅಂಜುವವರ ಜೊತೆಗೆ ಒಬ್ಬರು ಹೋಗಲಿ.

ಅಪ್ಪನನ್ನೋ ಅತ್ತೆಯನ್ನೋ ವೈದ್ಯರಲ್ಲಿಗೆ ಕೊನೆಗೂ ಹೊರಡಿಸುವುದು ಅನೇಕ ವೇಳೆ ಮನೆಯವರ ಒಂದು ಮಾತು. ಆ ಮಾತನ್ನು ಮಳೆಗೆ ಮುಂಚಿನ ಮದ್ದಿನಂತೆ ಸಕಾಲದಲ್ಲಿ ಆಡೋಣ.