ಸರ್ವಾಂಗೀಣ ಶಿಕ್ಷಣ: ಚಾಮರಾಜನಗರದ ನಿದರ್ಶನ
ದೇಹ, ಬುದ್ಧಿ, ಭಾವನೆ, ಕೌಶಲ, ಮೌಲ್ಯಗಳು ಒಟ್ಟಾಗಿ ಬೆಳೆಯಬೇಕೆಂಬುದು ಸರ್ವಾಂಗೀಣ ಶಿಕ್ಷಣದ ಮೂಲತತ್ತ್ವ. ಗಾಂಧೀಜಿಯವರ ನಯೀ ತಾಲೀಮ್ (1937) ಕೈಕೆಲಸವನ್ನೇ ಕಲಿಕೆಯ ಕೇಂದ್ರವಾಗಿಸಿತು. ಯುನೆಸ್ಕೋದ ಡೆಲೋರ್ಸ್ ವರದಿ (1996) ಅರಿಯಲು, ಮಾಡಲು, ಕೂಡಿ ಬಾಳಲು, ತಾನಾಗಿ ಅರಳಲು ಕಲಿಯುವುದೆಂಬ ನಾಲ್ಕು ಸ್ತಂಭಗಳನ್ನು ಹೇಳಿತು.

ಈ ತತ್ತ್ವಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯಕೀಯ ಸೇವೆಯೊಂದಿಗೆ ಸೋಲಿಗ ಬುಡಕಟ್ಟಿನ ಮಕ್ಕಳಿಗೆ ಶಾಲೆ, ವೃತ್ತಿ ತರಬೇತಿಗಳನ್ನೂ ಅದು ಒದಗಿಸಿತು. ಹಸಿದ, ಕಾಯಿಲೆಬಿದ್ದ ಮಗುವಿಗೆ ಅಕ್ಷರವಷ್ಟೇ ಸಾಲದು. ಆರೋಗ್ಯ, ಶಿಕ್ಷಣ, ಜೀವನೋಪಾಯಗಳನ್ನು ಬೆಸೆದದ್ದೇ ಈ ಕೇಂದ್ರದ ಹಿರಿಮೆ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಸಂದವು.

ಇದೇ ಜಿಲ್ಲೆಯ, ಬಂಡೀಪುರ ಅರಣ್ಯದ ಅಂಚಿನ ಗುಂಡ್ಲುಪೇಟೆ ತಾಲ್ಲೂಕಿನಲ್ಲೂ ಜೇನುಕುರುಬ, ಸೋಲಿಗ ಬುಡಕಟ್ಟುಗಳ ಹಾಡಿಗಳಿವೆ. ಮನೆಮಾತಿಗೆ, ಸ್ಥಳೀಯ ಜ್ಞಾನಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ-2020 ಕೊಟ್ಟಿರುವ ಒತ್ತು ಈ ಹಾಡಿಗಳ ಮಕ್ಕಳಿಗೆ ಅತ್ಯಗತ್ಯ.