ಪಾಟಿಯಂಥ ಚಿಪ್ಪು

ನಮ್ಮ ಗಬ್ಬೂರಿನ ಶಾಸನಗಳಲ್ಲಿ ಕೊರೆದ ಅಕ್ಷರವನ್ನು ತಿದ್ದಲು ಬಾರದು. ಶಾಲೆಯ ಪಾಟಿಯನ್ನಾದರೋ ಒರೆಸಿ ಮತ್ತೆ ಬರೆಯಬಹುದು. ಸಾಮಾನ್ಯ ಚಿಪ್ಪು ಶಾಸನದಂತೆ. ಎಫ್‌ಪಿಜಿಎ ಎಂಬುದು ಪಾಟಿ. ತಯಾರಾದ ಮೇಲೂ ಅದರೊಳಗಿನ ಜೋಡಣೆಯನ್ನು ಬದಲಿಸಬಹುದು. 1985ರಲ್ಲಿ ಕ್ಸೈಲಿಂಕ್ಸ್ ಹೊರತಂದ ಮೊದಲನೆಯದರಲ್ಲಿ 64 ತರ್ಕಘಟಕಗಳಿದ್ದವು.

ಇದರಲ್ಲಿ ವಿಡಿಯೊ ಬಿಡಿಸುವುದು ಹೇಗೆ? 1920ಕ್ಕೆ 1080ರ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳು. ಸೆಕೆಂಡಿಗೆ ಇಂಥ 30 ಚಿತ್ರಗಳು. ಆದುದರಿಂದ ಅವನ್ನು ಹಿಂಡಿ ಕಳುಹಿಸುತ್ತಾರೆ. ಆ ಹಿಂಡುವಿಕೆಗೆ ತಳಹದಿಯಾದ ಡಿಸಿಟಿ ಗಣಿತವನ್ನು 1974ರಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗರು ನಾಸಿರ್ ಅಹಮದ್. ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಇಂಜಿನಿಯರಿಂಗ್ ಓದಿದವರು. ಇದರ ಸಂಶೋಧನೆಗೆ ಅವರು ಬೇಡಿದ ಹಣ ಸಿಕ್ಕಿರಲಿಲ್ಲವೆಂಬುದನ್ನು ಗೆಳೆಯರು ಗಮನಿಸಬೇಕು.

8×8 ಚುಕ್ಕೆಗಳ ಚೌಕಗಳನ್ನು ಮರಳಿ ಬಿಡಿಸುವ ಲೆಕ್ಕವನ್ನು ಹಲವು ಘಟಕಗಳು ಒಮ್ಮೆಲೇ ಮಾಡಬಲ್ಲವು. ನಮ್ಮವ್ವ ಹತ್ತಿ ಬಿಡಿಸಲು ಹೋಗುವ ಹೊಲದಲ್ಲಿ ಹತ್ತು ಜನ ಹತ್ತು ಸಾಲು ಹಿಡಿಯುವುದಿಲ್ಲವೆ, ಹಾಗೆ. ಆದರೆ ಅದಕ್ಕೆ ಮುಂಚೆ ಸಂಕೇತಗಳನ್ನು ಓದಬೇಕು. ಅವುಗಳ ಉದ್ದ ಒಂದೇ ಸಮನಲ್ಲ. ಒಂದು ಮುಗಿಯದ ಹೊರತು ಮುಂದಿನದು ಎಲ್ಲಿ ಆರಂಭವೆಂದು ತಿಳಿಯದು. ಅಲ್ಲಿ ಒಬ್ಬನೇ ಆಳು! ಅವನು ತಡಮಾಡಿದರೆ ಉಳಿದವರೆಲ್ಲ ಕೈಕಟ್ಟಿ ನಿಲ್ಲುವರು. ವಿನ್ಯಾಸಕಾರನು ಹೆಚ್ಚು ಶ್ರಮಿಸಬೇಕಾದುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

2003ರಲ್ಲಿ ಎಚ್.264, 2013ರಲ್ಲಿ ಎಚ್.265 ಎಂದು ಪದ್ಧತಿಗಳು ಬದಲಾದಾಗ ಪಾಟಿಯನ್ನು ಒರೆಸಿ ಬರೆದರಾಯಿತು. ಆದರೆ ಅದಕ್ಕೆ ಬೆಲೆಯೂ ವಿದ್ಯುತ್ತೂ ಹೆಚ್ಚು. ಆದ್ದರಿಂದಲೇ ನಮ್ಮ ಮೊಬೈಲಿನಲ್ಲಿ ವಿಡಿಯೊ ಬಿಡಿಸುವುದು ಸಾಮಾನ್ಯವಾಗಿ ಶಾಸನದಂಥ ಚಿಪ್ಪೇ.